ರೇಡಿಯೋದಲ್ಲಿ ಗಂಡನ ಹೆಸರು

ಸುಳ್ಯ, ೧೨ ಫೆಬ್ರವರಿ ೧೯೬೧

ಅರ್ಧ ಗಂಟೆಯ ಒಂದು ನಾಟಕಕ್ಕೆ ಇಷ್ಟರವರೆಗೆ ತಗಲಿದ ಖರ್ಚು: ರೇಡಿಯೋದ ತಿರುಪು ಒಂದು, ಅತ್ತೆ ಬಂದ್ ಮಾಡುವ ಭರದಲ್ಲಿ ಕಿತ್ತು ಕೈಗೆ ಬಂದದ್ದು. ತುಂಬಿಸಿಟ್ಟ ಸೋಡಾ ಒಂದು ಪೆಟ್ಟಿಗೆ, ನನ್ನ ಕಾಲು ತಾಗಿ ಬಿದ್ದದ್ದು. ಅದರಲ್ಲಿ ಉಳಿದದ್ದು ಗೋಲಿಗಳು ಮಾತ್ರ. ಅತ್ತೆಯ ಮಾತು, ನಿನ್ನೆ ಸಂಜೆಯಿಂದ ಪೂರ್ತಿ. ಊಟ, ಮೂವರದ್ದೂ. ಮಾನ ಎಷ್ಟು ಹೋಗಿದೆ ಎಂಬುದು ನಾಳೆ ಅಂಗಡಿ ತೆರೆದ ಮೇಲೆ ತಿಳಿಯಬೇಕು. ಗಂಡನ ಹಿರಿಯರ ಮನೆ, ಮರ್ಕಂಜದ ದೊಡ್ಡಮನೆ, ಅಲ್ಲಿಯ ಬಿಲ್ಲು ಇನ್ನೂ ಬಂದಿಲ್ಲ.

ಆದದ್ದನ್ನು ಬರೆದು ನೋಡುತ್ತೇನೆ. ಆಗಲಾದರೂ ನಂಬಿಕೆ ಬರಲಿ.

ರೇಡಿಯೋಕ್ಕೆ ನಾನು ಬರೆದ ಮೊದಲನೆಯ ನಾಟಕ ನಿನ್ನೆ ಸಂಜೆ ಏಳೂವರೆಗೆ ಬೆಂಗಳೂರಿನಿಂದ ಬಂತು. ನಮ್ಮ ಸೋಡಾ ಅಂಗಡಿಯಲ್ಲಿ ನಿಲ್ಲಲಿಕ್ಕೆ ಜಾಗ ಇರಲಿಲ್ಲ. ಅತ್ತೆ ಮಡಿಕೆ ಮುರಿಯದ ಸೀರೆ ಉಟ್ಟು ಬೆಂಚಿನಲ್ಲಿ ನಡುವೆ ಕೂತಿದ್ದರು. ಗರಗರ ಶಬ್ದದ ನಡುವೆ "ರಚನೆ: ಶ್ರೀಮತಿ ಕುಮುದಿನಿ, ಸುಳ್ಯ" ಎಂದಾಗ ಪಕ್ಕದ ಮನೆಯ ಬೀಫಾತುಮ್ಮ ಚಪ್ಪಾಳೆ ತಟ್ಟಿದರು. ಆಮೇಲೆ ಒಂದು ಬಾಗಿಲು ಕಿರ್ರೆಂದಿತು. ಒಬ್ಬ ಹೆಂಗಸು, ಗಾಜಿನಂಥ ಸ್ವರ, ಗಂಡನನ್ನು ಹೆಸರು ಹಿಡಿದು ಕೂಗಿದಳು.

ಹೆಸರು ಇವರದ್ದು, ನನ್ನ ಯಜಮಾನರದ್ದು. ಅದರ ಹಾಗೆ ಕೇಳುವ ಇನ್ನೊಂದಲ್ಲ, ಅದೇ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನನ್ನ ನಾಲಿಗೆಗೆ ಬಾರದ ಹೆಸರು. ಓಟಿನ ಪಟ್ಟಿ ಬರೆಯುವವರು ಬಂದು ಕೇಳಿದಾಗ ಕೂಡ ಒಳಗಿನಿಂದ ಅತ್ತೆಯನ್ನು ಕರೆದು ಹೇಳಿಸಿದವಳು ನಾನು. ಹೆಂಡತಿ ಒಂದು ಸಲ ಹೆಸರು ಹಿಡಿದರೆ ಗಂಡನ ಆಯುಸ್ಸಿನಲ್ಲಿ ಒಂದು ದಿನ ಸವೆಯುತ್ತದೆ ಎಂಬುದು ಅತ್ತೆಯ ಲೆಕ್ಕ. ಆ ಗಾಜಿನ ಸ್ವರ ಎರಡೆರಡು ಮಾತಿಗೊಮ್ಮೆ ಕೂಗಿತು. ಅಡಿಗೆಮನೆಯಿಂದ ಕೂಗಿತು, ಅಂಗಳದಿಂದ ಕೂಗಿತು, ಬೈಯುತ್ತ ಕೂಗಿತು.

ಅಂಗಡಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

೧೩ ಫೆಬ್ರವರಿ

ನಾನು ಬರೆದದ್ದು ರಾಮಪ್ರಸಾದ ಎಂದು. ದೇವರಾಣೆ.

ಮೊದಲು ನಾಟಕದ ಗಂಡನಿಗೆ ಹೆಸರೇ ಇರಲಿಲ್ಲ. ಹೆಂಡತಿ "ಓಯ್", "ಕೇಳಿತಾ" ಎನ್ನುತ್ತಿದ್ದಳು, ಎಲ್ಲ ಮನೆಗಳಲ್ಲಿ ಎನ್ನುವ ಹಾಗೆ. ಬೆಂಗಳೂರಿನ ರೇಡಿಯೋದವರು ವಾಪಸು ಕಳಿಸಿದರು. "ಅಮ್ಮಾ, ರೇಡಿಯೋಕ್ಕೆ ಕಣ್ಣಿಲ್ಲ. ಆಕೆ ಹೆಸರು ಹಿಡಿದು ಕರೆಯದಿದ್ದರೆ ಗಂಡನ ಹತ್ತಿರ ಮಾತಾಡುತ್ತಿದ್ದಾಳೋ ಎಮ್ಮೆಯ ಹತ್ತಿರವೋ ಕೇಳುವವರಿಗೆ ಹೇಗೆ ತಿಳಿಯಬೇಕು?" ನ್ಯಾಯದ ಮಾತು. ಕಾದಂಬರಿಯಲ್ಲಿ "ಗಂಡನ ಕಡೆ ತಿರುಗಿ ಹೇಳಿದಳು" ಎಂದು ಬರೆದರೆ ಮುಗಿಯಿತು. ಇಲ್ಲಿ ತಿರುಗಿದ್ದು ಯಾರಿಗೂ ಕಾಣುವುದಿಲ್ಲ.

ಹಾಗಾಗಿ ನಮ್ಮ ಸುತ್ತಲಿನಲ್ಲಿ ಯಾರಿಗೂ ಇಲ್ಲದ ಹೆಸರು ಹುಡುಕಿದೆ. ಪುತ್ತೂರಿನಲ್ಲಿ ಎಂಟನೆಯ ಕ್ಲಾಸು ಓದುವಾಗ ಒಬ್ಬ ವಕೀಲರ ಬೋರ್ಡಿನಲ್ಲಿ ಕಂಡದ್ದು ನೆನಪಿತ್ತು. ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ, ಇವರದ್ದು ಮುತ್ತು. ಮಂಗಳೂರಿನ ವಾರಪತ್ರಿಕೆಯಲ್ಲಿ ಬಂದ ನನ್ನ ಎರಡು ಕಾದಂಬರಿಗಳನ್ನೂ ಪ್ರತಿ ಮಾಡಿದವರು ಇವರೇ. ನಾಟಕವನ್ನೂ ಇವರೇ ಚಂದ ಮಾಡಿ ಬರೆದು, ಲಕೋಟೆ ಅಂಟಿಸಿ, ಟಪ್ಪಾಲಿಗೆ ಹಾಕಿ ಬಂದರು. ಅಲ್ಲಿಗೆ ಹೋದ ಮೇಲೆ ಯಾರೋ ಕೈಯಾಡಿಸಿದ್ದಾರೆ. ಸುಳ್ಯದವಳು ಬರೆದದ್ದು ಸುಳ್ಯದ ಹೆಸರಿರಲಿ ಎಂದು ಯಾವನೋ ಬುದ್ಧಿವಂತ ತಿದ್ದಿರಬೇಕು. ಊರಲ್ಲಿ ಅಷ್ಟು ಹೆಸರಿರುವಾಗ ಇದೇ ಯಾಕೆ ಸಿಕ್ಕಿತು, ಭಗವಂತ.

ನಾಟಕ ಜನರಿಗೆ ಹಿಡಿಸಿದರೆ ತಿಂಗಳಿಗೊಂದರಂತೆ ವರ್ಷವಿಡೀ ಹನ್ನೆರಡು ಕೊಡುತ್ತೇವೆ ಎಂದಿದ್ದರು. ಹಾಗೆ ವರ್ಷವಿಡೀ ಬರೆದ ಹೆಂಗಸು ಅವರಲ್ಲಿ ಈವರೆಗೆ ಇಲ್ಲವಂತೆ. ಸೋಡಾ ಅಂಗಡಿಯ ಗಲ್ಲಾದಲ್ಲಿ ಕೂತು ಬರೆದವಳಂತೂ ಎಲ್ಲಿಯೂ ಇರಲಿಕ್ಕಿಲ್ಲ. ಆ ಹನ್ನೆರಡು ಈಗ ಹೋದ ಹಾಗೆ.

೧೫ ಫೆಬ್ರವರಿ

ವ್ಯಾಪಾರ ಜೋರು. ನನ್ನ ನಾಚಿಕೆಗೂ ಊರಿನ ಬಾಯಾರಿಕೆಗೂ ಎಂತದೋ ಸಂಬಂಧ ಉಂಟು. ಬಸ್ ಏಜೆಂಟ್ ದೇವದಾಸ ದಾರಿಯಿಂದಲೇ ಆ ಗಾಜಿನ ಸ್ವರ ತೆಗೆದು ಇವರ ಹೆಸರು ಕೂಗಿಕೊಂಡು ಬಂದ.

"ಸೋಡಾ ಬೇಕಾ, ಅಲ್ಲ ಸಾರು ಮಾಡಲಿಕ್ಕೆ ಅಡಿಗೆಮನೆಗೆ ಬರ್ತೀಯಾ?" ಎಂದೆ.

"ಅಲ್ಲ ಅಕ್ಕ, ನೀವು ಕರೆದರೆ ತಪ್ಪಲ್ಲ, ನಾನು ಕರೆದರೆ ತಪ್ಪಾ?"

ಒಂದು ಸೋಡಾ ಒಡೆದು ಕೊಟ್ಟೆ, ದುಡ್ಡು ಕೇಳಲು ಮರೆತೆ. ಈ ಗಲ್ಲಾದಲ್ಲಿ ಕೂತಂದಿನಿಂದ ಇದು ಮೊದಲು.

ಇವರು ಒಳಗೆ ಮೆಷಿನಿನ ಹಿಂದೆ ತಲೆ ತಗ್ಗಿಸಿ ಹಿಡಿ ತಿರುಗಿಸುತ್ತಿದ್ದರು. ಕಿವಿ ಕೆಂಪಾಗಿತ್ತು. ಪಾಪ, ಮಾತಿಲ್ಲದ ಮನುಷ್ಯ, ಎಷ್ಟು ನೊಂದಿರಬೇಕು. ವಾರದ ನಡುವೆ ಹೊಸ ಅಂಗಿ ಯಾಕೆ ಹಾಕಿಕೊಂಡಿದ್ದರೋ ತಿಳಿಯಲಿಲ್ಲ.

ಸಂಜೆ ಬೀಫಾತುಮ್ಮ ಖಾಲಿ ಬಾಟಲಿ ಕೊಡಲು ಬಂದು ಕೂತರು. "ಬಿಡಿ ಅಕ್ಕ. ನಮ್ಮಲ್ಲಿಯೂ ಹೇಳುದಿಲ್ಲ. ನಮ್ಮ ಮನೆಯವರು ಹೋಗಿ ಎಂಟು ವರ್ಷ ಆಯ್ತು, ಈಗಲೂ ಹೆಸರು ಹಿಡಿಯುದಿಲ್ಲ ನಾನು."

"ಈಗ ಎಂತ ಹೆದರಿಕೆ ಬೀಫಾತುಮ್ಮ?"

"ಕೇಳಿ ವಾಪಸು ಬಂದರೆ!"

ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕೆ. ಒಳಗೆ ಅತ್ತೆ ಪಾತ್ರೆ ಕುಕ್ಕಿದರು.

೧೮ ಫೆಬ್ರವರಿ

ದೊಡ್ಡಮನೆಯ ಬಿಲ್ಲು ಬಂತು. ತಂದವರು ಪದ್ಮಯ್ಯ ಭಾವ ಸ್ವತಃ, ಇವರ ಅಣ್ಣ. ಒಳಗೆ ಬರಲಿಲ್ಲ. ಅಂಗಡಿಯ ಮುಂದೆ ಬಿಸಿಲಿನಲ್ಲಿ ನಿಂತು, ನನ್ನನ್ನು ಬಿಟ್ಟು ಸೋಡಾ ಬಾಟಲಿಗಳಿಗೆ ಹೇಳಿದರು.

"ಮೂವತ್ತೊಂಬತ್ತು ಸಲ. ನಾನು ಅಡಿಕೆಯಲ್ಲಿ ಲೆಕ್ಕ ಇಟ್ಟಿದ್ದೇನೆ. ಸಲಕ್ಕೊಂದರ ಹಾಗೆ ಬದಿಗಿಟ್ಟದ್ದು ಇನ್ನೂ ಚಾವಡಿಯಲ್ಲಿ ಹಾಗೆಯೇ ಉಂಟು, ಬೇಕಾದರೆ ಬಂದು ಎಣಿಸಬಹುದು."

"ಭಾವ, ಅದು ನಾನು ಬರೆದದ್ದಲ್ಲ. ಬೆಂಗಳೂರಿನಲ್ಲಿ..."

"ನಿನ್ನ ಹೆಸರು ಹೇಳಿದರಾ ಇಲ್ವಾ ಮೊದಲಿಗೆ? ಹೇಳಿದರು. ಬೇರೆಯವರ ಹೆಸರು ಹೇಳಿದರಾ? ಇಲ್ಲ. ಮುಂದಿನ ಆದಿತ್ಯವಾರ ಮನೆಗೆ ಬರಬೇಕು, ಇಬ್ಬರೂ. ದೇವರ ದೀಪದ ಮುಂದೆ ನಿಂತು, ಇನ್ನು ಬರೆಯುದಿಲ್ಲ ಅಂತ ಹೇಳಿ ಹೋಗುದು. ಅಲ್ಲದಿದ್ದರೆ ನಮ್ಮ ಮನೆಯ ಹೊಸ್ತಿಲು ನಿಮಗಿಲ್ಲ. ಅಮ್ಮನನ್ನು ನಾನು ಕರಕೊಂಡು ಹೋಗುತ್ತೇನೆ."

ಕಾದಂಬರಿಯೂ ಸೇರಿಯಾ ಎಂದು ಕೇಳಿದೆ. ಬರೆಯುದು ಅಂದರೆ ಬರೆಯುದು ಎಂದರು. ತಮ್ಮನನ್ನು ನೋಡಿದರು. ಇವರು ಒಂದು ಬಾಟಲಿಯನ್ನೇ ತೊಳೆದು ತೊಳೆದು ಇಡುತ್ತಿದ್ದರು.

ಸಿಟ್ಟಿನಲ್ಲಿ ಬೆಂಗಳೂರಿಗೆ ಬರೆದು ಹಾಕಿದ್ದೇನೆ: ಹೆಸರು ಬದಲಿಸಿದ್ದಕ್ಕೆ ರೇಡಿಯೋದಲ್ಲಿಯೇ ತಪ್ಪೊಪ್ಪಿಕೊಳ್ಳಿ, ಅಲ್ಲದಿದ್ದರೆ ನಿಮ್ಮ ಹನ್ನೆರಡು ನಿಮಗಿರಲಿ. ಈ ಕಾಗದವನ್ನು ಇವರಿಗೆ ಪ್ರತಿ ಮಾಡಲು ಕೊಡಲಿಲ್ಲ. ಕೋಳಿ ಕೆದಕಿದ ಅಕ್ಷರದಲ್ಲೇ ಹೋಯಿತು. ಬೈಗುಳ ಓದಲು ಸ್ವಲ್ಪ ಕಷ್ಟಪಡಲಿ.

೨೧ ಫೆಬ್ರವರಿ

ಕಾಣಿಯೂರಿನ ದೇವಕಿ ಎಂಬವರು ಬಂದಿದ್ದರು. ಗುರುತಿಲ್ಲ ಪರಿಚಯವಿಲ್ಲ. ಎರಡು ಬಸ್ಸು ಬದಲಿಸಿ, ಮೊಣಕಾಲಿನವರೆಗೆ ಧೂಳು. ಈ ಹೆಂಗಸೂ ಬೈಯಲಿಕ್ಕೆ ಬಂದದ್ದು ಎಂದುಕೊಂಡು ಮೊದಲೇ ಒಂದು ಶರಬತ್ತು ಮುಂದಿಟ್ಟೆ.

"ನಾಟಕ ಬರೆದವರು ನೀವಾ?"

"ಹೌದು, ಎಂತ ಮಾಡುದು."

"ಮುಂದೆ ಅವಳು ಎಂತ ಮಾಡಿದಳು?"

"ಯಾರು?"

"ಅವಳು ಮಾರಾಯ್ರೆ! ಗಂಡ ಎಲ್ಲದಕ್ಕೂ 'ನಾಳೆ ನೋಡುವ' ಹೇಳ್ತಾನಲ್ಲ. ಅವಳು ಟೀಚರ್ ಟ್ರೈನಿಂಗಿಗೆ ಹೋದಳಾ ಇಲ್ವಾ? ಅರ್ಜಿ ಹಾಕುವ ದಿನ ಮುಗಿಯಿತಾ? ನಮ್ಮ ಮನೆಯಲ್ಲಿ ಮೂರು ಜನ ಹೆಂಗಸರು ಜಗಳ ಮಾಡ್ತಾ ಇದ್ದೇವೆ. ಒಬ್ಬಳು ಹೋದಳು ಹೇಳುದು, ಒಬ್ಬಳು ಇಲ್ಲ ಹೇಳುದು."

ಹೆಸರಿನ ವಿಚಾರ ಅವರು ಎತ್ತಲೇ ಇಲ್ಲ. ನಾನೇ ತಡೆಯದೆ ಕೇಳಿದೆ, ಹೆಂಡತಿ ಹೆಸರು ಹಿಡಿದು ಕರೆದದ್ದು ಕಿವಿಗೆ ಕೆಟ್ಟದಾಗಲಿಲ್ಲವೇ ಎಂದು. ಅವರು ಶರಬತ್ತಿನ ಲೋಟ ಕೆಳಗಿಟ್ಟು, "ಮೊದಲು ಎದೆ ಧಸಕ್ ಅಂತು. ಆಮೇಲೆ ಅವನು ಓಗೊಡ್ತಾನಲ್ಲ, ಅದು ಕೇಳಿ ಆಶ್ಚರ್ಯ ಆಯ್ತು" ಎಂದರು.

ಹೋದಳು ಎಂದು ಹೇಳಿ ಕಳಿಸಿದೆ. ಹನ್ನೆರಡರಲ್ಲಿ ಮೊದಲನೆಯದು ಅದೇ ಆಗಬೇಕಿತ್ತು. ಅವರು ಬಸ್ಸು ಹತ್ತಿದ ಮೇಲೆ ನೆನಪಾಯಿತು, ನಾನು ಅದನ್ನು ಬರೆಯುವುದಿಲ್ಲ.

೨೩ ಫೆಬ್ರವರಿ

ಬರೆದವರು ಇವರೇ.

ಅಷ್ಟು ಬರೆದು ಪೆನ್ನು ಇಟ್ಟಿದ್ದೆ. ಈಗ ಮುಂದುವರಿಸುತ್ತೇನೆ.

ಬೆಳಿಗ್ಗೆ ಇಬ್ಬರೂ ಬಾಟಲಿ ತೊಳೆಯುತ್ತಿದ್ದೆವು. ಬೆಂಗಳೂರಿಗೆ ಬೈದು ಬರೆದಿದ್ದೇನೆ, ಇಷ್ಟರಲ್ಲಿ ಕೈಗೆ ಸಿಕ್ಕಿರುತ್ತದೆ ಎಂದೆ. ಇವರ ಕೈ ನಿಂತಿತು.

"ಅವರಿಗೆ ಬೈಯಬಾರದಿತ್ತು."

"ಯಾಕೆ ಬೈಯಬಾರದು? ರಾಮಪ್ರಸಾದ ಅಂತ ಚಂದಕ್ಕೆ ಬರೆದು ಕಳಿಸಿದ್ದೇವೆ, ಅವರು..."

"ನಾನು ರಾಮಪ್ರಸಾದ ಅಂತ ಬರೆಯಲಿಲ್ಲ."

ನನಗೆ ಅರ್ಥವಾಗಲು ಎಷ್ಟು ಹೊತ್ತು ಬೇಕಾಯಿತೋ. ಹನ್ನೆರಡು ದಿನದಿಂದ ಊರೆಲ್ಲ ನನ್ನನ್ನು ಹಾಡಿ ಹೊಗಳುತ್ತಿರುವಾಗ, ಅಣ್ಣ ಬಂದು ಬಿಸಿಲಿನಲ್ಲಿ ನಿಂತು ತೀರ್ಪು ಕೊಡುವಾಗ, ಈ ಮನುಷ್ಯ ಬಾಟಲಿ ತೊಳೆಯುತ್ತಿದ್ದರು! ಮೂವತ್ತೊಂಬತ್ತು ಕಡೆಯೂ ತಮ್ಮ ಹೆಸರು ಬರೆದು, ಮುತ್ತಿನ ಅಕ್ಷರದಲ್ಲಿ!

"ಯಾಕೆ?" ಎಂದೆ.

"ನೀನು ನನ್ನನ್ನು 'ಓಯ್' ಅಂತ ಕರೆಯುದು. ದೇವದಾಸನನ್ನು ಕರೆಯುದೂ ಓಯ್. ಗಾಡಿ ಎತ್ತಿಗೂ ಓಯ್. ಒಂದು ಸಲ ಕೇಳುವ ಅಂತ ಕಂಡಿತು."

"ಕೂಗಿದ್ದು ನಾನಾ? ಬೆಂಗಳೂರಿನ ಯಾವಳೋ!"

"ಮಾತು ನಿನ್ನದೇ ಅಲ್ವಾ."

ಎಷ್ಟೋ ಹೊತ್ತು ಅಂಗಡಿಯಿಂದ ನನ್ನ ಸ್ವರ ಬಾರದ್ದು ಕಂಡು ಬೀಫಾತುಮ್ಮ ಹೆದರಿ ನೀರು ತಂದರು.

೨೪ ಫೆಬ್ರವರಿ

ಅಣ್ಣನಿಗೆ ಹೇಳಬೇಡ ಎನ್ನುತ್ತಾರೆ. ಹೇಳಿದರೆ ನನ್ನ ಬರವಣಿಗೆ ಉಳಿಯುತ್ತದೆ, ಇವರ ಮುಖ ಹೋಗುತ್ತದೆ. ದೊಡ್ಡಮನೆಯಲ್ಲಿ ಇನ್ನು ಜೀವಮಾನವಿಡೀ ಹೆಂಡತಿಯಿಂದ ಹೆಸರು ಕರೆಸಿಕೊಂಡ ಗಂಡು. ಹೇಳದಿದ್ದರೆ ಇವರ ಮುಖ ಉಳಿಯುತ್ತದೆ, ನಾನು ಸೋಡಾ ಮಾರಿಕೊಂಡಿರಬೇಕು. ತಕ್ಕಡಿಯ ಎರಡು ತಟ್ಟೆಯಲ್ಲಿಯೂ ನನ್ನದೇ ಸಾಮಾನು. ಇಂಥ ವ್ಯಾಪಾರ ನಾನು ಮಾಡಿದ್ದಿಲ್ಲ.

೨೫ ಫೆಬ್ರವರಿ

ಹೇಳುವುದಿಲ್ಲ ಎಂದಿದ್ದೇನೆ. ಇವರು ನೆಮ್ಮದಿಯಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡರು. ನನಗೆ ಅದು ನೋಡಲಾಗಲಿಲ್ಲ.

೨೭ ಫೆಬ್ರವರಿ

ಆದಿತ್ಯವಾರದ್ದು ಆದಿತ್ಯವಾರ ಬರೆಯಲು ಆಗಲಿಲ್ಲ.

ದೊಡ್ಡಮನೆಯ ಚಾವಡಿ ತುಂಬ ನೆಂಟರು. ಪದ್ಮಯ್ಯ ಭಾವ ಮಣೆಯ ಮೇಲೆ, ಪಕ್ಕದಲ್ಲಿ ನಿಜವಾಗಿಯೂ ಅಡಿಕೆಯ ಒಂದು ರಾಶಿ. ಅತ್ತೆ ವೀಳ್ಯದ ತಟ್ಟೆ ಹಿಡಿದು ಬಾಗಿಲ ಹತ್ತಿರ. ಇವರು ಕಂಬಕ್ಕೊರಗಿ. ದೇವರ ಕೋಣೆಯ ದೀಪ ಹಚ್ಚಿ ಆಗಿತ್ತು.

"ಹೆಚ್ಚು ಮಾತು ಬೇಡ," ಎಂದರು ಭಾವ. "ನಿನ್ನ ಬಾಯಿ ಎಲ್ಲರಿಗೂ ಗೊತ್ತುಂಟು. 'ಇನ್ನು ಬರೆಯುದಿಲ್ಲ.' ಎರಡೇ ಶಬ್ದ. ಹೇಳು, ಊಟಕ್ಕೆ ಏಳುವ."

ನನ್ನ ಹತ್ತಿರ ವಾದ ತಯಾರಿತ್ತು. ಕರೆದವಳು ಬೆಂಗಳೂರಿನವಳು, ಅವಳಿಗೆ ಇವರು ಗಂಡನಲ್ಲ. ನಾನು ಕೇಳಿದ್ದು ಮಾತ್ರ, ಕೇಳಿದ್ದಕ್ಕೆ ಆಯುಸ್ಸು ಸವೆಯುವುದಾದರೆ ಮೊದಲು ಅಡಿಕೆ ಎಣಿಸಿದವರನ್ನು ವಿಚಾರಿಸಿ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅಷ್ಟು ಮುಖ ಒಟ್ಟಿಗೆ ನೋಡಿದಾಗ ಒಂದೂ ಬಾಯಿಗೆ ಬರಲಿಲ್ಲ. ಗೋಲಿ ಸಿಕ್ಕಿಕೊಂಡ ಬಾಟಲಿ.

ದೀಪದ ಮುಂದೆ ನಿಂತೆ. "ಇನ್ನು" ಎಂದೆ. ಒಂದು ಶಬ್ದ ಆಯಿತು. ಇವರ ಕಡೆ ನೋಡಿದೆ. ಕಾಲಿನ ಹೆಬ್ಬೆರಳು ನೋಡುತ್ತಿದ್ದರು. ಎರಡನೆಯ ಶಬ್ದಕ್ಕೆ ಬಾಯಿ ತೆರೆದೆ.

"ಬೆಳ್ಯಪ್ಪ."

ಬಂದದ್ದು ಅದು. ಕೂಗಿದ್ದಲ್ಲ, ಬೈದದ್ದಲ್ಲ, ಬಾವಿಗೆ ಬೀಳುವವಳ ಕೈ ಹಗ್ಗಕ್ಕೆ ಹೋದ ಹಾಗೆ. ಎಂತ ಹೇಳಿದೆನೆಂದು ನನಗೆ ತಿಳಿದದ್ದು ಅತ್ತೆಯ ಕೈಯ ತಟ್ಟೆ ಬಿದ್ದು ಠಣಾರೆಂದಾಗ.

"ಆಂ?" ಎಂದರು ಬೆಳ್ಯಪ್ಪ. ನಿದ್ದೆಯಿಂದ ಎಬ್ಬಿಸಿದ ಹಾಗೆ ಕಂಬ ಬಿಟ್ಟು ನೆಟ್ಟಗೆ ನಿಂತರು. ನನ್ನನ್ನು ನೋಡಿದರು. ಆಮೇಲೆ ಅಣ್ಣನ ಕಡೆ ತಿರುಗಿ, "ಬರೆದದ್ದು ನಾನು," ಎಂದರು.

"ಎಂತ?"

"ಹೆಸರು. ಇವಳು ಬೇರೆ ಬರೆದಿದ್ದಳು. ನಾನು ತೆಗೆದು ನನ್ನದು ಹಾಕಿದೆ. ಅಷ್ಟೂ ಕಡೆ."

"ನೀನಾ? ಎಂತಕ್ಕೆ ಮಾರಾಯ?"

"ಅಲ್ಲಣ್ಣ, ನಾಟಕದಲ್ಲಿ ಅವನು ಹೇಳುದೆಲ್ಲ ನಾನು ಮನೆಯಲ್ಲಿ ಹೇಳುದು. 'ನಾಳೆ ನೋಡುವ' ನನ್ನದು. ಗೊರಕೆ ನನ್ನದು. ಹೆಸರು ಮಾತ್ರ ರಾಮಪ್ರಸಾದ! ಯಾರು ಅವನು ರಾಮಪ್ರಸಾದ, ನನ್ನ ಮನೆಯಲ್ಲಿ?"

ನೆಂಟರ ನಡುವೆ ಯಾರೋ ಮೂಗಿನಲ್ಲಿ ನಕ್ಕರು. ನನಗೆ ಹೇಳಿದ ಕಾರಣವೇ ಬೇರೆ, ಇಲ್ಲಿ ಹೇಳುವುದೇ ಬೇರೆ. ಹನ್ನೊಂದು ವರ್ಷ ಮಾತು ಕೂಡಿಟ್ಟವರಿಗೆ ಎರಡೆರಡು ಕಾರಣ ಕೊಡುವಷ್ಟು ಬಂಡವಾಳ ಇರುತ್ತದೆ. ಭಾವ ಅಡಿಕೆ ರಾಶಿ ನೋಡಿದರು, ತಮ್ಮನನ್ನು ನೋಡಿದರು. ಆದರೂ ಬಿಡಲಿಲ್ಲ. "ಅದು ಹೋಗಲಿ. ಈಗ? ಈಗ ಇವಳು ಬಾಯಿಬಿಟ್ಟು ಹೇಳಿದಳಲ್ಲ, ದೀಪದ ಮುಂದೆ!"

ಆಗ ಅತ್ತೆ ಬಂದರು. ಹದಿನೈದು ದಿನದಿಂದ ಮಾತಾಡದವರು. ಬೆಳ್ಯಪ್ಪನ ಎದೆಯ ಮೇಲೆ ಅಂಗೈ ಇಟ್ಟರು.

"ಮಗ, ಎಂತ ಆಗುದಿಲ್ಲ ಅಲ್ವಾ?"

"ಇಲ್ಲಮ್ಮ. ಹಸಿವಾಗುದು."

ಅತ್ತೆ ಕೈ ತೆಗೆಯಲಿಲ್ಲ. "ನಿಮ್ಮ ಅಪ್ಪನ ಹೆಸರು ನಾನು ಒಂದು ದಿನ ಹಿಡಿದವಳಲ್ಲ," ಎಂದರು, ಯಾರನ್ನೂ ನೋಡದೆ. "ಜ್ವರದಲ್ಲಿ ಕಣ್ಣು ಮುಚ್ಚುವಾಗ, ಹೆಸರು ಹಿಡಿದು ಕರಿ ಅಂತ ಕೇಳಿದರು. ಕರೆಯಲಿಲ್ಲ. ಕರೆದರೆ ಹೋದಾರು ಅಂತ. ನಲವತ್ತು ತುಂಬಿರಲಿಲ್ಲ."

ಭಾವ ಬಾಯಿ ತೆರೆದು ಹಾಗೆಯೇ ಉಳಿದರು. ಅವರಿಗೂ ಇದು ಗೊತ್ತಿರಲಿಲ್ಲ, ಬೆಳ್ಯಪ್ಪನಿಗೂ ಗೊತ್ತಿರಲಿಲ್ಲ.

ಅತ್ತೆ ಬಗ್ಗಿ ತಟ್ಟೆ ಎತ್ತಿಕೊಂಡರು. "ಊಟಕ್ಕೆ ಎಲೆ ಹಾಕಿ," ಎಂದರು.

ಎರಡನೆಯ ಶಬ್ದವನ್ನು ಮತ್ತೆ ಯಾರೂ ಕೇಳಲಿಲ್ಲ. ಊಟ ಆದ ಮೇಲೆ ಬೆಳ್ಯಪ್ಪ, ಭಾವ ಎಣಿಸಿಟ್ಟ ಅಡಿಕೆಯಿಂದಲೇ ಒಂದು ತೆಗೆದು ವೀಳ್ಯ ಹಾಕಿಕೊಂಡರು. ಅಷ್ಟು ಧೈರ್ಯ ಆ ಮನುಷ್ಯನಿಗೆ ಎಲ್ಲಿಂದ ಬಂತೋ.

೪ ಮಾರ್ಚ್

ಬೆಂಗಳೂರಿನ ಉತ್ತರ. ನನ್ನ ಬೈಗುಳದ ಕಾಗದವನ್ನು ಅಲ್ಲಿ ಯಾರಿಗೂ ಓದಲು ಸಾಧ್ಯವಾಗಲಿಲ್ಲವಂತೆ. ದಯವಿಟ್ಟು ಎಂದಿನ ಅಕ್ಷರದಲ್ಲಿ ಕಳಿಸಬೇಕಂತೆ. ಹನ್ನೆರಡೂ ನನಗೆ. ಮೊದಲನೆಯದು ಏಪ್ರಿಲ್‌ನಲ್ಲಿ. ಕೇಳುಗರಿಂದ ತುಂಬ ಪತ್ರ ಬಂದಿರುವುದರಿಂದ ಗಂಡನ ಹೆಸರನ್ನು ಬದಲಿಸಬಾರದಂತೆ.

ಬೆಳ್ಯಪ್ಪನಿಗೆ ಓದಿ ಹೇಳಿದೆ. "ನಾಳೆ ನೋಡುವ" ಎಂದರು. ಕೈಯಲ್ಲಿದ್ದ ಬಾಟಲಿ ಒರೆಸುವ ಬಟ್ಟೆ ತೆಗೆದು ಎಸೆದೆ.

೯ ಮಾರ್ಚ್

ಅತ್ತೆ ಗಲ್ಲಾದ ಹತ್ತಿರ ಬಂದು ಕೂತರು. ನಾನು ಬರೆಯುತ್ತಿದ್ದೆ.

"ಇದರಲ್ಲಿ ಮುದುಕರು ಯಾರಾದರೂ ಇದ್ದಾರಾ?"

"ಇದ್ದಾರೆ ಅತ್ತೆ. ಗಂಡನ ಅಪ್ಪ. ಒಂದು ಕಡೆ, ಮೂರು ನಿಮಿಷ ಬರ್ತಾರೆ."

"ಹೆಸರು ಇಟ್ಟಾಯ್ತಾ?"

"ಇಲ್ಲ. ಪುತ್ತೂರು ಕಡೆಯದ್ದು ಯಾವುದಾದರೂ ಇಡುವ ಅಂತ."

"ಹೆಸರಿಗೆ ಪುತ್ತೂರಿಗೆಲ್ಲ ಯಾಕೆ ಹೋಗುದು," ಎಂದರು. ಸೀರೆಯ ಸೆರಗಿನಿಂದ ಗಲ್ಲಾದ ಮೇಲಿಲ್ಲದ ಧೂಳು ಒರೆಸಿದರು. "ಆ ಮುದುಕರು ಎಂತ ಮಾಡ್ತಾರೆ, ಆ ಒಂದು ಕಡೆಯಲ್ಲಿ?"

"ಹೆಂಡತಿ ಕರೀತಾಳೆ. ಅವರು ಬರ್ತಾರೆ."

ಅತ್ತೆ ಎದ್ದು ಹೋದರು. ಖಾಲಿ ಬಿಟ್ಟಿದ್ದ ಜಾಗದಲ್ಲಿ ಮಾವನ ಹೆಸರು ಬರೆದೆ.

ಅಲ್ಲಿಗೆ ಈ ಲೆಕ್ಕ ಮುಗಿಯಿತು. ಯಾರಿಗೆ ಎಂತ ಸಿಕ್ಕಿತು ಎಂದು ಒಮ್ಮೆ ಬರೆದಿಡುವುದು ಒಳ್ಳೆಯದು.

ಬೆಂಗಳೂರಿನವರಿಗೆ: ವರ್ಷಕ್ಕೆ ಸಾಕಾಗುವಷ್ಟು ಜಗಳ.

ಪದ್ಮಯ್ಯ ಭಾವನಿಗೆ: ಮೂವತ್ತೆಂಟು ಅಡಿಕೆ.

ದೇವದಾಸನಿಗೆ: ಕೂಗಲು ಹೊಸ ಸ್ವರ. ಯಾರೂ ತಿರುಗಿ ನೋಡದ ಕಾರಣ ಈಗ ಬಿಟ್ಟಿದ್ದಾನೆ.

ಬೆಳ್ಯಪ್ಪನಿಗೆ: ತನ್ನದೇ ಹೆಸರು.

ನನಗೆ: ಹನ್ನೆರಡು ನಾಟಕ.

ಅತ್ತೆಗೆ: ಕುಕ್ಕಪ್ಪ ಮಾವ, ಮೂರು ನಿಮಿಷ.